ಅಂದಕ್ಕೆ ಮನಸೋತು ಟರ್ನ್‌ಟೇಬಲ್ ಕೊಳ್ಳಬಹುದೆ?

ಓದುಗರ ಪ್ರಶ್ನೆ: ಹಜಾರಕ್ಕೆ ರೆಕಾರ್ಡ್ ನುಡಿಸುವ ಒಂದು ಟರ್ನ್‌ಟೇಬಲ್ ಕೊಳ್ಳಬೇಕೆಂದಿದ್ದೇನೆ. ನಿಜ ಹೇಳುವುದಾದರೆ ನನಗೆ ಮೊದಲು ಬೇಕಿರುವುದು ಅದರ ರೂಪ. ಧ್ವನಿ ಒಂದು ಮಟ್ಟಕ್ಕಿದ್ದರೆ ಸಾಕು. ಮೂರು ಮನಸ್ಸಿಗೆ ಹಿಡಿದಿವೆ. ಮೊದಲನೆಯದು ದಪ್ಪ ಪಾರದರ್ಶಕ ಅಕ್ರಿಲಿಕ್‌ನದು. ಮೋಟರ್ ಬೇರೆಯೇ ನಿಂತಿರುತ್ತದೆ, ಬೆಲ್ಟ್ ಹೊರಗೇ ಕಾಣುತ್ತದೆ. ಎರಡನೆಯದರಲ್ಲಿ ರೆಕಾರ್ಡ್ ಗೋಡೆಗಡಿಯಾರದಂತೆ ಲಂಬವಾಗಿ ನಿಂತು ತಿರುಗುತ್ತದೆ. ಮೂರನೆಯದು ಹಳೇ ಕಾಲದ ಸೂಟ್‌ಕೇಸ್‌ನಂಥದ್ದು, ಸ್ಪೀಕರ್ ಒಳಗೇ ಇದೆ. ಮನೆಯಲ್ಲಿ ನಲವತ್ತರಷ್ಟು ರೆಕಾರ್ಡ್‌ಗಳಿವೆ, ಅರ್ಧದಷ್ಟು ಹಿರಿಯರಿಂದ ಬಂದವು. ಕಿಟಕಿಯ ಕೆಳಗಿನ ಗಿಡ್ಡ ಕಪಾಟಿನ ಮೇಲೆ, ಎರಡು ಸ್ಪೀಕರ್‌ಗಳ ನಡುವೆ ಇಡುವ ಆಲೋಚನೆ. ಮುಚ್ಚಳ ಹಾಕಿದರೆ ಅಂದ ಕೆಡುತ್ತದೆ ಅನಿಸುತ್ತದೆ. ಗೆಳೆಯರು ಮಾತ್ರ, ‘ಚೆಂದ ನೋಡಿ ಕೊಂಡರೆ ಮೇಲೆ ಥಳುಕು ಒಳಗೆ ಹುಳುಕು, ಒಂದೇ ಸಲಕ್ಕೆ ರೆಕಾರ್ಡೆಲ್ಲ ಕೆರೆದು ಹೋಗುತ್ತವೆ’ ಎಂದು ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಅಂದಕ್ಕೆ ಸೋಲುವುದು ತಪ್ಪೇ ಎನ್ನುವುದೊಂದು, ರೆಕಾರ್ಡ್‌ಗಳು ಹಾಳಾಗುತ್ತವೆಯೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ತಪ್ಪಲ್ಲ ಎಂಬುದೇ ನನ್ನ ಉತ್ತರ. ದಿನಕ್ಕೆ ಒಂದೆರಡು ಗಂಟೆ ಹಾಡುವ ಯಂತ್ರ ಉಳಿದ ಹೊತ್ತೆಲ್ಲ ಸುಮ್ಮನೆ ಕಣ್ಣೆದುರು ಕೂತಿರುತ್ತದೆ. ಇನ್ನೊಂದು ತಾಂತ್ರಿಕ ಕಾರಣವೂ ಇದೆ. ಟರ್ನ್‌ಟೇಬಲ್‌ನಲ್ಲಿ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಭಾಗ), ಮುಳ್ಳು, ಬೆಲ್ಟ್, ಮ್ಯಾಟ್, ಫೋನೋ ಪ್ರಿಆಂಪ್ (ಆ ಸಣ್ಣ ಸಂಕೇತವನ್ನು ಹಿಗ್ಗಿಸುವ ಪೆಟ್ಟಿಗೆ) ಇವೆಲ್ಲವನ್ನೂ ಮುಂದೆ ಬದಲಿಸಬಹುದು. ರೂಪವನ್ನು ಬದಲಿಸಲಾಗದು, ಸಾಮಾನ್ಯ ಮಾದರಿಗಳಲ್ಲಿ ಟೋನ್‌ಆರ್ಮ್ ಅನ್ನೂ, ಅಂದರೆ ಮುಳ್ಳನ್ನು ಹಿಡಿದ ತೋಳನ್ನೂ, ಬದಲಿಸಲಾಗದು. ಹಾಗಾಗಿ ರೂಪ ಮತ್ತು ತೋಳು, ಈ ಎರಡನ್ನು ಕೊಳ್ಳುವಾಗಲೇ ಸರಿಯಾಗಿ ಆರಿಸಿಬಿಡಬೇಕು. ಉಳಿದದ್ದಕ್ಕೆ ಅವಸರವಿಲ್ಲ.

‘ಚೆಂದವಿದ್ದರೆ ಧ್ವನಿ ಇರದು’ ಎನ್ನುವುದು ಅರ್ಧ ಸತ್ಯ. ಈ ಯಂತ್ರದ ಚರಿತ್ರೆಯಲ್ಲಿ ಹೆಸರಾದ ರೂಪಗಳು ಬಹುಪಾಲು ಕೆಲಸದಿಂದಲೇ ಹುಟ್ಟಿದವು. 1956ರಲ್ಲಿ ಹಾನ್ಸ್ ಗುಗೆಲೋಟ್ ಮತ್ತು ಡೀಟರ್ ರಾಮ್ಸ್ ರೂಪಿಸಿದ ಬ್ರೌನ್ ಎಸ್‌ಕೆ4ಗೆ ಪಾರದರ್ಶಕ ಮುಚ್ಚಳ ಬಂದದ್ದು ಶೋಕಿಗಲ್ಲ. ಲೋಹದ ಮುಚ್ಚಳ ಧ್ವನಿಗೆ ಗಡಗಡ ಅದುರುತ್ತಿತ್ತು, ಅದಕ್ಕೆ ಅಕ್ರಿಲಿಕ್ ಹಾಕಿದರು. ಇವತ್ತು ಟರ್ನ್‌ಟೇಬಲ್ ಎಂದೊಡನೆ ಕಣ್ಣಿಗೆ ಬರುವ ಗಾಜಿನಂಥ ಮುಚ್ಚಳದ ಮೂಲ ಆ ತೊಂದರೆಯಲ್ಲಿದೆ. 1972ರ ಬ್ಯಾಂಗ್ ಅಂಡ್ ಓಲುಫ್ಸನ್ ಬಿಯೋಗ್ರಾಮ್ 4000 ನೋಡಿ, ಯಾಕೋಬ್ ಯೆನ್ಸನ್ ವಿನ್ಯಾಸ. ಅಕ್ಕಪಕ್ಕ ಎರಡು ತೋಳುಗಳು. ಒಂದರಲ್ಲಿ ಮುಳ್ಳಿದೆ, ಇನ್ನೊಂದು ಬೆಳಕು ಬೀರಿ ಕೆಳಗೆ ರೆಕಾರ್ಡ್ ಇದೆಯೇ ಎಂದು ಪರೀಕ್ಷಿಸುತ್ತದೆ. ಪ್ಲ್ಯಾಟರ್, ಅಂದರೆ ರೆಕಾರ್ಡ್ ಕೂರುವ ತಿರುಗುವ ತಟ್ಟೆ, ಅದರ ಮೇಲಿನ ಕಪ್ಪು ಪಟ್ಟೆಗಳು ಬರಿಯ ಅಲಂಕಾರದಂತೆ ಕಾಣುತ್ತವೆ. ತಟ್ಟೆ ಖಾಲಿಯಿದ್ದರೆ ತಿರುಗುವಾಗ ಅವು ಆ ಬೆಳಕನ್ನು ತುಂಡು ತುಂಡಾಗಿ ಪ್ರತಿಫಲಿಸುತ್ತವೆ, ಆಗ ತೋಳು ಕೆಳಗಿಳಿಯುವುದೇ ಇಲ್ಲ. ಅದೇ ವರ್ಷ ಬಂದ ಟೆಕ್ನಿಕ್ಸ್ ಎಸ್‌ಎಲ್-1200ರ ಅಂಚಿನ ಚುಕ್ಕೆಗಳೂ ಅಷ್ಟೇ. ಮಿಣುಕುವ ದೀಪದಡಿ ಚುಕ್ಕೆ ನಿಂತಂತೆ ಕಂಡರೆ ವೇಗ ಸರಿಯಿದೆ ಎಂದರ್ಥ.

ಆದ್ದರಿಂದ ಒಂದು ಮಾದರಿ ಇಷ್ಟವಾದಾಗ, ಅದರಲ್ಲಿ ಎದ್ದು ಕಾಣುವ ಭಾಗ ಮಾಡುವ ಕೆಲಸವೇನು ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕಿದರೆ ಧೈರ್ಯವಾಗಿ ಮುಂದುವರಿಯಬಹುದು.

ಈ ಪರೀಕ್ಷೆಗೆ ಅಂಗಡಿಗೇ ಹೋಗಬೇಕಿಲ್ಲ, ಒಳ್ಳೆಯ ಚಿತ್ರವೊಂದಿದ್ದರೆ ಸಾಕು. ಮೊದಲು ತೋಳಿನ ಹಿಂಭಾಗ ನೋಡಿ. ಅಲ್ಲಿ ತಿರುಗಿಸಬಲ್ಲ ಭಾರದ ಗುಂಡು ಇರಬೇಕು, ಮುಳ್ಳು ರೆಕಾರ್ಡ್ ಅನ್ನು ಎಷ್ಟು ಒತ್ತಬೇಕೆಂದು ಹೊಂದಿಸುವುದು ಅದೇ. ಅದರ ಮುಂದಿನ ಉಂಗುರದ ಮೇಲೆ 0, 1, 2, 3 ಎಂದು ಗ್ರಾಂ ಗುರುತು ಇದ್ದರೆ ಹೊಸಬರಿಗೆ ಅನುಕೂಲ. ಅಗ್ಗದ ಕೆಲವು ಮಾದರಿಗಳಲ್ಲಿ ಗುಂಡಿನ ಆಕಾರ ಮಾತ್ರ ಇರುತ್ತದೆ. ತಿರುಗುವುದಿಲ್ಲ, ಅಂಕಿಯಿಲ್ಲ, ಅಂಟಿಸಿದ ಪ್ಲಾಸ್ಟಿಕ್. ಅಂಥದ್ದನ್ನು ಬಿಟ್ಟುಬಿಡಿ. ಆಮೇಲೆ ತೋಳಿನ ಮೂತಿ ನೋಡಿ. ಕಾರ್ಟ್ರಿಜ್ ಅನ್ನು ಎರಡು ಸಣ್ಣ ಸ್ಕ್ರೂ ಹಿಡಿದಿದ್ದರೆ, ಅವುಗಳ ನಡುವೆ ಅರ್ಧ ಇಂಚು ಅಂದರೆ 12.7 ಮಿಲಿಮೀಟರ್ ಅಂತರವಿದ್ದರೆ, ಲೋಕದ ಬಹುತೇಕ ಕಾರ್ಟ್ರಿಜ್‌ಗಳು ಅಲ್ಲಿ ಕೂರುತ್ತವೆ. ಹಳೆಯ ಬಿಯೋಗ್ರಾಮ್‌ಗಳ ಚೆಲುವಿಗೆ ಸೋತವರು ಎಡವುವುದು ಇಲ್ಲೇ: ಅವುಗಳಿಗೆ ಆ ಕಂಪನಿಯದೇ ನಮೂನೆಯ ಕಾರ್ಟ್ರಿಜ್ ಬೇಕು, ಮುಳ್ಳು ಸವೆದಾಗ ಹುಡುಕಾಟ ಶುರುವಾಗುತ್ತದೆ. ಮೂರನೆಯದು ಆಂಟಿ-ಸ್ಕೇಟ್. ತಿರುಗುವ ರೆಕಾರ್ಡ್ ತೋಳನ್ನು ಸದಾ ಒಳಗಡೆಗೆ ಎಳೆಯುತ್ತಿರುತ್ತದೆ. ಅದನ್ನು ಹೊರಗಡೆಗೆ ತುಸು ಜಗ್ಗಿ ಸರಿದೂಗಿಸುವ ವ್ಯವಸ್ಥೆ ಇದು. ತೋಳಿನ ಬುಡದಲ್ಲಿ ಪುಟ್ಟ ತಿರುಪು, ಇಲ್ಲವೇ ದಾರಕ್ಕೆ ನೇತುಬಿದ್ದ ಮಣಿಯಷ್ಟು ಭಾರ, ಎರಡರಲ್ಲೊಂದು ಕಾಣಬೇಕು. ಅದು ಒಳಗೇ ಅಡಗಿರುವ ಮಾದರಿಗಳೂ ಇವೆ, ಕಾಣದಿದ್ದರೆ ಕೈಪಿಡಿ ತೆರೆದು ನೋಡಿ.

ಈ ಕಣ್ಣಿನಿಂದ ನೋಡಿದರೆ ನಿಮ್ಮ ಮೂರರಲ್ಲಿ ಸೂಟ್‌ಕೇಸ್ ಮೊದಲ ಸುತ್ತಿನಲ್ಲೇ ಬೀಳುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ, ರೆಕಾರ್ಡ್ ಮೇಲೆ ಮುಳ್ಳಿನ ಒತ್ತಡ 5 ಗ್ರಾಂ ಆಸುಪಾಸು ಅಥವಾ ಹೆಚ್ಚು, ಹೊಂದಿಸುವ ದಾರಿಯಿಲ್ಲ. ಇಂದಿನ ಸಾಧಾರಣ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಬೇಕಿರುವುದು ಒಂದೂವರೆಯಿಂದ ಎರಡೂವರೆ ಗ್ರಾಂ. ಹಾಗೆಂದು ‘ಒಂದೇ ಸಲಕ್ಕೆ ಕೆರೆದು ಹೋಗುತ್ತದೆ’ ಎಂಬ ಗೆಳೆಯರ ಮಾತು ಉತ್ಪ್ರೇಕ್ಷೆ. 1950ರ ದಶಕದಲ್ಲಿ ಮನೆಗಳಲ್ಲಿ ಇದಕ್ಕಿಂತ ಭಾರದ ತೋಳುಗಳು ಓಡುತ್ತಿದ್ದವು, ಆ ಕಾಲದ ಎಷ್ಟೋ ಎಲ್‌ಪಿಗಳು ಈಗಲೂ ಹಾಡುತ್ತವೆ. ಸವೆತ ನಿಧಾನವಾಗಿ ಆಗುತ್ತದೆ. ಮೊದಲು ಪೆಟ್ಟು ತಿನ್ನುವುದು ಲೇಬಲ್ ಹತ್ತಿರದ ಒಳಗೆರೆಗಳು, ಎತ್ತರದ ಸ್ವರಗಳು, ಗಟ್ಟಿ ದನಿಯ ಭಾಗಗಳು. ‘ಸ’ ಅಕ್ಷರ ‘ಶ್ಶ’ ಎಂದು ಸಿಡಿಯತೊಡಗಿದರೆ ಗೆರೆ ಅಥವಾ ಮುಳ್ಳು ಕೆಟ್ಟಿದೆ ಎಂದು ತಿಳಿಯಿರಿ.

ನಿಜವಾದ ಅಪರಾಧಿ ಬಹಳ ಸಲ ಭಾರವಲ್ಲ, ಸವೆದ ಮುಳ್ಳು. ಇಂಥ ಪೆಟ್ಟಿಗೆಗಳಲ್ಲಿ ಕೆಲವೊಮ್ಮೆ ಸಫೈರ್ ಮುಳ್ಳು ಹಾಕಿರುತ್ತಾರೆ, ಅದು ಕೆಲವು ಹತ್ತು ಗಂಟೆಗಳಲ್ಲೇ ಸವೆಯುತ್ತದೆ. ವಜ್ರದ ತುದಿಗೆ 500ರಿಂದ 1000 ಗಂಟೆ ಬಾಳಿಕೆಯ ಲೆಕ್ಕ. ಸವೆದ ತುದಿಯ ಇಕ್ಕೆಲಗಳಲ್ಲಿ ಉಳಿಯಂಥ ಅಂಚು ಮೂಡುತ್ತದೆ, ಕೆರೆಯುವುದು ಅದು. ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆದುಹಾಕಬೇಕು. ಭಾರ ಕಡಿಮೆಯಾದಷ್ಟೂ ರೆಕಾರ್ಡ್‌ಗೆ ಕ್ಷೇಮ ಎಂದು ಅನೇಕರು ನಂಬಿದ್ದಾರೆ. 2 ಗ್ರಾಂ ಬೇಡುವ ಕಾರ್ಟ್ರಿಜ್‌ಗೆ 1.2 ಗ್ರಾಂ ಕೊಟ್ಟರೆ ಮುಳ್ಳು ಗೆರೆಯಲ್ಲಿ ನಿಲ್ಲದೆ ಗೋಡೆಯಿಂದ ಗೋಡೆಗೆ ಬಡಿದಾಡುತ್ತದೆ, ಆ ಪೆಟ್ಟು ಶಾಶ್ವತ. ತಯಾರಕರು ಹೇಳಿದ ವ್ಯಾಪ್ತಿಯ ನಡುವಿಗೋ ತುಸು ಮೇಲಕ್ಕೋ ಇಡಿ, ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಅಳೆದೇ ಇಡಿ.

ಸೂಟ್‌ಕೇಸ್‌ನ ಇನ್ನೊಂದು ಹುಟ್ಟುದೋಷ ಸ್ಪೀಕರ್ ಇರುವ ಜಾಗ. ತೋಳು ಕೂತ ಪೆಟ್ಟಿಗೆಯಲ್ಲೇ ಸ್ಪೀಕರ್ ಅದುರಿದರೆ ಆ ಅದುರು ಮುಳ್ಳಿಗೆ ವಾಪಸು ಬರುತ್ತದೆ, ದನಿ ಏರಿಸಿದೊಡನೆ ಮುಳ್ಳು ಜಿಗಿಯುತ್ತದೆ. ಆ ರೂಪವೇ ಬೇಕೇಬೇಕು ಎಂದಾದರೆ ಸಿಕ್ಕಿದ್ದನ್ನು ಹಾಕಿ ನೋಡುವ ಆಟಕ್ಕೆ ಇಟ್ಟುಕೊಳ್ಳಿ. ಹಿರಿಯರ ರೆಕಾರ್ಡ್‌ಗಳನ್ನು ಅದರ ಮೇಲಿಡಬೇಡಿ.

ಲಂಬವಾದದ್ದರ ಕಥೆ ಬೇರೆ. ಅಲ್ಲಿ ತೊಡಕು ಕಂಪನಿಯ ಜಿಪುಣತನದ್ದಲ್ಲ, ಗುರುತ್ವದ್ದು. ಮಲಗಿದ ಟರ್ನ್‌ಟೇಬಲ್‌ನಲ್ಲಿ ಮುಳ್ಳನ್ನು ಗೆರೆಯೊಳಗೆ ಒತ್ತುವುದು ಭಾರ. ಯಂತ್ರವನ್ನು ನಿಲ್ಲಿಸಿದೊಡನೆ ಆ ಭಾರ ರೆಕಾರ್ಡ್‌ನ ಕಡೆಗೆ ಒತ್ತುವುದನ್ನು ಬಿಟ್ಟು ನೆಲದ ಕಡೆಗೆ ಎಳೆಯುತ್ತದೆ. ಒತ್ತಲು ಸ್ಪ್ರಿಂಗ್ ಬೇಕು. ತೋಳು ಅತ್ತಿತ್ತ ಚಲಿಸುವ ದಿಕ್ಕಿನಲ್ಲೂ ಕರಾರುವಾಕ್ಕಾಗಿ ತೂಗಿರಬೇಕು. ಚೂರು ಹೆಚ್ಚುಕಡಿಮೆಯಾದರೂ ಅದು ಒಂದೇ ಕಡೆಗೆ ಜೋತು, ಗೆರೆಯ ಒಂದು ಗೋಡೆಯನ್ನೇ ಉಜ್ಜುತ್ತದೆ. ಒಂದು ಚಾನೆಲ್ ಮಂಕು, ಇನ್ನೊಂದು ಒಡಕು, ಇದು ಅದರ ಲಕ್ಷಣ. ರೆಕಾರ್ಡ್ ಜಾರದಂತೆ ನಡುವೆ ಕ್ಲ್ಯಾಂಪ್ ಬಿಗಿಯಬೇಕು. ತುಸು ಬಾಗಿದ ಹಳೆಯ ರೆಕಾರ್ಡ್ ಆದರೆ ಅಂಚಿನಲ್ಲಿ ಮುಳ್ಳು ಏರಿಳಿಯುತ್ತದೆ. ಇದನ್ನೆಲ್ಲ ಸಂಭಾಳಿಸಿದ ಯಂತ್ರಗಳು ಬಂದೇ ಇಲ್ಲವೆಂದಲ್ಲ: 1980ರ ದಶಕದ ಆರಂಭದ ಮಿತ್ಸುಬಿಷಿ ಎಲ್‌ಟಿ-5ವಿಯಲ್ಲಿ ತೋಳು ನೇರ ಗೆರೆಯಲ್ಲಿ ಸರಿಯುತ್ತಿತ್ತು. ಈಗ ಪ್ರೊ-ಜೆಕ್ಟ್ ಲಂಬ ಮಾದರಿ ತಯಾರಿಸಿದೆ. ಕೊಳ್ಳುವುದಾದರೆ ಇಂಥ ಅನುಭವಿ ತಯಾರಕರದ್ದೇ ಆಗಿರಲಿ. ಮುಳ್ಳು ಬದಲಿಸಬಹುದೆ, ಒತ್ತಡ ಎಷ್ಟು ಗ್ರಾಂ ಎಂಬುದನ್ನು ಬರಹದಲ್ಲೇ ಪಡೆಯಿರಿ. ಗೋಡೆಗೆ ತಗುಲಿಸುವಾಗ ಬಾಗಿಲು ಬಡಿಯುವ ಗೋಡೆ ಬೇಡ. (ಗಾಳಿಯಲ್ಲಿ ತೇಲುವ ಆಯಸ್ಕಾಂತದ ಪ್ಲ್ಯಾಟರ್‌ಗಳೂ ಬಂದಿವೆ. ನೋಡಲು ಸೊಗಸು, ಆದರೆ ರಿಪೇರಿಯ ದಿನ ನೆನೆದರೆ ನಾನು ಶಿಫಾರಸು ಮಾಡಲಾರೆ.)

ಉಳಿದದ್ದು ಅಕ್ರಿಲಿಕ್. ನಿಮ್ಮ ಜಾಗದಲ್ಲಿದ್ದರೆ ನಾನು ಇದರ ಕಡೆಗೇ ವಾಲುತ್ತೇನೆ, ಆದರೆ ಅದರ ಜೊತೆಗಿನ ಸಂಸಾರ ಹೇಗಿರುತ್ತದೆಂದು ಮೊದಲೇ ತಿಳಿದಿರಲಿ.

ದಪ್ಪ ಪ್ಲ್ಯಾಟರ್ ಇದ್ದರೆ ಧ್ವನಿ ಒಳ್ಳೆಯದು ಎಂದು ಮಾರುವವರು ಹೇಳುತ್ತಾರೆ. ಭಾರದ ಪ್ಲ್ಯಾಟರ್ ಮೋಟರ್‌ನ ಸಣ್ಣ ಏರುಪೇರನ್ನು ನುಂಗುತ್ತದೆ, ಅದು ನಿಜ. ಆದರೆ ರೇಗಾ ಕಂಪನಿ ಇದಕ್ಕೆ ತದ್ವಿರುದ್ಧವಾಗಿ ಹಗುರವಾದ, ಗಟ್ಟಿಯಾದ, ಎಲುಬಿನಂತೆ ಕೊರೆದ ಪ್ಲಿಂತ್‌ಗಳಿಂದಲೇ (ಯಂತ್ರ ಕೂತಿರುವ ಅಡಿಪೀಠ) ಹೆಸರು ಮಾಡಿದೆ. ಎರಡೂ ದಾರಿ ಸರಿಯೇ. ಕೇಳಬೇಕಾದ ಪ್ರಶ್ನೆ ಇದು: ಪ್ಲ್ಯಾಟರ್‌ನ ಬೇರಿಂಗ್ ಮತ್ತು ತೋಳಿನ ಬುಡ, ಇವೆರಡರ ನಡುವಿನ ಬಂಧ ಬಿಗಿಯಾಗಿದೆಯೇ? ಮುಳ್ಳು ಓದುವುದು ಮೈಕ್ರಾನ್‌ಗಳಷ್ಟು (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಸಣ್ಣ ಚಲನೆಯನ್ನು. ಬೇರಿಂಗ್ ಒಂದು ಕಡೆ, ತೋಳು ಇನ್ನೊಂದು ಕಡೆ ಅಲುಗಿದರೆ ಅದೂ ಸಂಗೀತದೊಳಗೆ ಸೇರುತ್ತದೆ. ಪ್ಲ್ಯಾಟರ್ ಅನ್ನು ಅಂಚಿನಲ್ಲಿ ಎರಡು ಬೆರಳಿಂದ ಮೆಲ್ಲಗೆ ಅಲ್ಲಾಡಿಸಿ, ಟಕ್ ಟಕ್ ಎನ್ನಬಾರದು. ತೋಳಿನ ಬುಡವನ್ನೂ ಹಾಗೆಯೇ ನೋಡಿ.

ಬೇರೆ ನಿಂತ ಮೋಟರ್ ಚಂದವೂ ಹೌದು, ಅದರ ಕಂಪನ ಪ್ಲಿಂತ್‌ಗೆ ದಾಟದಿರುವುದೂ ಹೌದು. ಅದರ ಕಿರಿಕಿರಿಯೆಂದರೆ ಅಂತರ. ಒರೆಸುವಾಗ ಮೋಟರ್ ಕೆಲವು ಮಿಲಿಮೀಟರ್ ಸರಿದರೂ ಬೆಲ್ಟ್ ಸಡಿಲವಾಗಿ ಜಾರುತ್ತದೆ, ಅಥವಾ ಅತಿ ಬಿಗಿಯಾಗಿ ಬೇರಿಂಗ್ ಅನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಕೈಪಿಡಿಯ ಅಳತೆಗೆ ದಪ್ಪ ರಟ್ಟಿನ ತುಂಡೊಂದನ್ನು ಕತ್ತರಿಸಿಟ್ಟುಕೊಳ್ಳಿ. ಮೋಟರ್ ಮತ್ತು ಪ್ಲಿಂತ್ ನಡುವೆ ಅದನ್ನು ತೂರಿಸಿ ನೋಡಿದರೆ ಅಳೆಯುವ ರಗಳೆಯಿಲ್ಲ. ವೇಗವನ್ನೂ ನೀವೇ ಪರೀಕ್ಷಿಸಬಹುದು. ಲೇಬಲ್ ಮೇಲೆ ಚೂರು ಕಾಗದ ಅಂಟಿಸಿ, ಮೂರು ನಿಮಿಷ ಸುತ್ತು ಎಣಿಸಿ. ನಿಮಿಷಕ್ಕೆ 33⅓ ಸುತ್ತಿನ ವೇಗಕ್ಕೆ ಸರಿಯಾಗಿ 100 ಸುತ್ತು, 45ಕ್ಕೆ 135. ಎಣಿಸುವಾಗ ಮುಳ್ಳು ರೆಕಾರ್ಡ್ ಮೇಲೇ ಇರಲಿ, ಅದರ ಎಳೆತದಲ್ಲೇ ವೇಗ ತಿಳಿಯಬೇಕು. 99 ಬಂದರೆ ಒಂದು ಪ್ರತಿಶತ ನಿಧಾನ, ಹೆಚ್ಚಿನವರ ಕಿವಿಗೆ ತಿಳಿಯದು. 97ಕ್ಕೆ ಇಳಿದರೆ ಅರ್ಧ ಸ್ವರದ ಅರ್ಧದಷ್ಟು ಶ್ರುತಿ ಕೆಳಗಿಳಿದಿರುತ್ತದೆ, ಬೆಲ್ಟ್ ನೋಡಿ.

ಬೆಲ್ಟ್ ಹೊರಗಿರುವುದರಿಂದ ರೆಕಾರ್ಡ್ ತೆಗೆದಿಡುವಾಗ ಬೆರಳು ತಾಗುತ್ತಲೇ ಇರುತ್ತದೆ. ಬೆರಳಿನ ಜಿಡ್ಡಿಗೆ ಬೆಲ್ಟ್ ಜಾರುತ್ತದೆ. ಮೋಟರ್‌ನ ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಬಹುದು, ಆದರೆ ಒಂದು ಹನಿಯೂ ಅಕ್ರಿಲಿಕ್ ಮೇಲೆ ಬೀಳದಿರಲಿ. ಆಲ್ಕೊಹಾಲ್, ಅಮೋನಿಯ ಇರುವ ಗಾಜಿನ ಕ್ಲೀನರ್‌ಗಳು ತಾಗಿದರೆ ಅಕ್ರಿಲಿಕ್‌ನೊಳಗೆ ಕೂದಲೆಳೆಯ ಬಿರುಕುಗಳ ಜಾಲ ಹಬ್ಬುತ್ತದೆ; ಅದಕ್ಕೆ ಮದ್ದಿಲ್ಲ. ನೀರಿಗೆ ಒಂದೆರಡು ತೊಟ್ಟು ಪಾತ್ರೆ ತೊಳೆಯುವ ಸೋಪು, ಒದ್ದೆ ಮಾಡಿ ಹಿಂಡಿದ ಮೈಕ್ರೊಫೈಬರ್ ಬಟ್ಟೆ ಸಾಕು. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರೂ ಬೀಳುತ್ತದೆ, ಸ್ಥಿರ ವಿದ್ಯುತ್ ಹುಟ್ಟಿ ಧೂಳು ಇನ್ನಷ್ಟು ಅಂಟುತ್ತದೆ. ಕನ್ನಡಿಯಂತೆ ಹೊಳೆಯುವ ಕಪ್ಪು ಲ್ಯಾಕರ್‌ಗೂ ಇದೇ ಗೋಳು. ಒರೆಸುವ ತಾಳ್ಮೆ ಇಲ್ಲದವರಿಗೆ ಮರದ ವೆನೀರ್ ಎಷ್ಟೋ ಮೇಲು, ಧೂಳು ಅಷ್ಟಾಗಿ ಎದ್ದು ಕಾಣದು.

ಇನ್ನು ಇಡುವ ಜಾಗ. ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ಯಂತ್ರಗಳಿಗಿಂತ ಆ ಕಪಾಟು. ಕಿಟಕಿಯ ಕೆಳಗೆ ನೇರ ಬಿಸಿಲು ಬಿದ್ದರೆ ಬೆಲ್ಟ್ ಒಣಗುತ್ತದೆ, ಬಿಳಿ ಪ್ಲಾಸ್ಟಿಕ್ ಹಳದಿ ತಿರುಗುತ್ತದೆ. ರೆಕಾರ್ಡ್‌ಗೆ ಬಳಸುವ ಪಿವಿಸಿ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಪಾರದರ್ಶಕ ಮುಚ್ಚಳದಡಿ ಬಿಸಿಲಿಗೆ ಮರೆತುಬಿಟ್ಟ ರೆಕಾರ್ಡ್ ಬಾಗಲು ಅಷ್ಟು ಸಾಕು. ಬೆಳಕು ಬರಲಿ, ಬಿಸಿಲು ಬೇಡ.

ಒಂದೇ ಹಲಗೆಯ ಮೇಲೆ ಸ್ಪೀಕರ್ ಇಡುವುದು ಸೂಟ್‌ಕೇಸ್‌ನ ದೋಷವನ್ನು ದೊಡ್ಡದಾಗಿ ಮಾಡಿದಂತೆ. ಪರೀಕ್ಷೆ ಸುಲಭ. ಮೋಟರ್ ನಿಲ್ಲಿಸಿ, ನಿಂತ ರೆಕಾರ್ಡ್ ಮೇಲೆ ಮುಳ್ಳನ್ನು ಇಳಿಸಿ, ದನಿಯನ್ನು ಸೊನ್ನೆಯಿಂದ ನಿಧಾನವಾಗಿ ನೀವು ಎಂದಿನಂತೆ ಕೇಳುವ ಮಟ್ಟಕ್ಕೆ ಏರಿಸಿ. ಕಪಾಟನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಸಣ್ಣಗೆ ‘ಟಪ್’ ಕೇಳಿದರೆ ಚಿಂತೆಯಿಲ್ಲ. ‘ಧುಂ’ ಎಂದು ಗುಯ್‌ಗುಟ್ಟಿ ನಿಧಾನಕ್ಕೆ ಆರಿದರೆ, ಅಥವಾ ತಟ್ಟದೆಯೇ ಗುಂಯ್ ಎಂದು ಏರತೊಡಗಿದರೆ, ಕೂಡಲೇ ದನಿ ತಗ್ಗಿಸಿ. ಆಗ ಸ್ಪೀಕರ್‌ಗಳಿಗೆ ನೆಲದ ಸ್ಟ್ಯಾಂಡ್ ಮಾಡಿಸಲೇಬೇಕು. ಅದಾಗದಿದ್ದರೆ ಟರ್ನ್‌ಟೇಬಲ್ ಅನ್ನೇ ಗಟ್ಟಿ ಗೋಡೆಯ ಬ್ರಾಕೆಟ್ ಮೇಲೆ ಏರಿಸಿ. ಸ್ಪೀಕರ್‌ನಡಿ ಸ್ಪಂಜು ತುರುಕುವುದು ಅರೆಬರೆ ಪರಿಹಾರ. ನೆಲ ಮರದ ಹಲಗೆಯದಾಗಿದ್ದು ನಡೆದಾಗ ಮುಳ್ಳು ಹಾರುವುದಾದರೆ ಗೋಡೆಯ ಬ್ರಾಕೆಟ್ ಒಂದೇ ಗತಿ. ಎಲ್ಲಿಟ್ಟರೂ ಪ್ಲ್ಯಾಟರ್ ಮೇಲೆ ಪುಟ್ಟ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ನೋಡಿ, ಕಾಲುಗಳ ತಿರುಪಿನಿಂದ ಸಮ ಮಾಡಿ.

ಕ್ಯಾಟಲಾಗ್ ಚಿತ್ರಗಳಲ್ಲಿ ತಂತಿಯೇ ಇರುವುದಿಲ್ಲ, ಗಮನಿಸಿದ್ದೀರಾ? ನಿಮ್ಮ ಮನೆಯಲ್ಲಿ ನಾಲ್ಕಿರುತ್ತವೆ: ವಿದ್ಯುತ್ ತಂತಿ, ಎಡ ಬಲ ಎರಡು ಸಿಗ್ನಲ್ ತಂತಿ, ಒಂದು ಅರ್ತ್. ಕಪಾಟಿನ ಹಿಂದೆ ರಂಧ್ರ ಕೊರೆಸುವಾಗ ವಿದ್ಯುತ್ ತಂತಿಗೆ ಬೇರೆ ರಂಧ್ರ ಇರಲಿ, ಸಿಗ್ನಲ್ ತಂತಿಯ ಜೊತೆ ಕಟ್ಟಿದರೆ ಗುಂಯ್ ಸದ್ದು ಬರಬಹುದು. ಕಾರ್ಟ್ರಿಜ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಆಂಪ್ಲಿಫೈಯರ್ ಅನ್ನು ಕೋಣೆಯ ಆಚೆ ಬದಿಗೆ ಅಡಗಿಸಿ ಐದು ಮೀಟರ್ ತಂತಿ ಎಳೆದರೆ ತಂತಿಯ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಸೇರಿ ಮೇಲ್ಸ್ವರಗಳು ಕೆಡುತ್ತವೆ. ಫೋನೋ ಪ್ರಿಆಂಪ್ ಟರ್ನ್‌ಟೇಬಲ್ ಪಕ್ಕದಲ್ಲೇ ಇರಲಿ, ಒಂದೂವರೆ ಮೀಟರ್ ಮೀರದ ತಂತಿ. ಅಲ್ಲಿಂದ ಮುಂದಕ್ಕೆ ಉದ್ದ ಹೋದರೂ ಪರವಾಗಿಲ್ಲ.

ಮುಚ್ಚಳ ಬೇಡವೆನ್ನುತ್ತೀರಿ. ನುಡಿಸುವಾಗ ಬೇಡ ಎಂಬುದನ್ನು ಒಪ್ಪುತ್ತೇನೆ, ತೆಗೆದಿಟ್ಟರೆ ಒಳ್ಳೆಯದೇ, ಅಗಲವಾದ ಹಾಳೆ ಸ್ಪೀಕರ್‌ನ ದನಿಗೆ ಕಂಪಿಸುತ್ತದೆ. ಉಳಿದ ಹೊತ್ತು ಮಾತ್ರ ಧೂಳು ಪ್ಲ್ಯಾಟರ್ ಮೇಲೂ ಮುಳ್ಳಿನ ಮೇಲೂ ಕೂರಬಾರದು. ಇನ್ನೊಂದು ಅಪಾಯ ಒರೆಸುವ ಬಟ್ಟೆ. ಮುಳ್ಳಿನ ಕೂದಲೆಳೆಯಷ್ಟು ಸಪೂರ ಕಡ್ಡಿ ಅದರ ಎಳೆಗೆ ಸಿಕ್ಕಿತೆಂದರೆ ಮುರಿದಂತೆಯೇ. ತಿರುಗಣೆ ಇಲ್ಲದ, ಮೇಲಿಂದ ಇಳಿಸಿಡುವ ಅಕ್ರಿಲಿಕ್ ಪೆಟ್ಟಿಗೆ ಮಾಡಿಸಿ. 4 ಮಿಲಿಮೀಟರ್ ಹಾಳೆ, ಒಳಗಿನ ಅಳತೆ ಯಂತ್ರಕ್ಕಿಂತ ಎಲ್ಲ ಬದಿಗೂ ಒಂದೂವರೆ ಸೆಂಟಿಮೀಟರ್ ಹೆಚ್ಚು, ಎತ್ತರ ತೋಳು ಪೂರ್ತಿ ಮೇಲೆದ್ದಾಗಿನ ತುದಿಗಿಂತ ಎರಡು ಸೆಂಟಿಮೀಟರ್ ಹೆಚ್ಚು. ಹಿಂದೆ ತಂತಿಗೆ ಒಂದು ಕಚ್ಚು. ಬದಲಿಗೆ ತಿರುಗಣೆಯ ಮುಚ್ಚಳದ ಯಂತ್ರವನ್ನೇ ಕೊಂಡರೆ, ತೆರೆಯಲು ಕಪಾಟಿನ ಮೇಲೆ ಸುಮಾರು 45 ಸೆಂಟಿಮೀಟರ್, ಹಿಂದೆ 5ರಿಂದ 8 ಸೆಂಟಿಮೀಟರ್ ಖಾಲಿ ಬೇಕು. ಮೇಲೆ ಕಿಟಕಿಯ ಕಟ್ಟೆ ಚಾಚಿದ್ದರೆ ಈಗಲೇ ಟೇಪು ಹಿಡಿದು ನೋಡಿ.

ಕೊಳ್ಳುವ ಮುನ್ನ ಹಿರಿಯರ ರೆಕಾರ್ಡ್‌ಗಳ ಲೇಬಲ್ ಒಮ್ಮೆ ಓದಿ. ಹತ್ತು ಇಂಚಿನ, ಕೈಗೆ ಭಾರವೆನಿಸುವ, ಬಿದ್ದರೆ ಗಾಜಿನಂತೆ ಒಡೆಯುವ 78 ವೇಗದವು ಅವುಗಳಲ್ಲಿದ್ದರೆ ಲೆಕ್ಕ ಬದಲಾಗುತ್ತದೆ. ಅಂದದ ಮಾದರಿಗಳಲ್ಲಿ ಹಲವು 33 ಮತ್ತು 45ಕ್ಕೇ ನಿಲ್ಲುತ್ತವೆ. ವೇಗ ಸಿಕ್ಕರೂ ಎಲ್‌ಪಿಯ ಮುಳ್ಳು ಅವಕ್ಕೆ ನಡೆಯದು: ಅದರ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ರ ಗೆರೆಗೆ ಬೇಕಿರುವುದು 75ರ ಆಸುಪಾಸು. ಸಣ್ಣ ಮುಳ್ಳು ಗೆರೆಯ ತಳಕ್ಕಿಳಿದು ಅಲ್ಲಿನ ಕಸವನ್ನೇ ಓದುತ್ತದೆ. ಅಂಥವು ಇದ್ದರೆ 78 ವೇಗವೂ ಇರುವ, ಹೆಡ್‌ಶೆಲ್ (ಕಾರ್ಟ್ರಿಜ್ ಕೂರುವ ತೋಳಿನ ಮೂತಿ) ಬಿಚ್ಚಿ ಬದಲಿಸಬಹುದಾದ ತೋಳಿನ ಮಾದರಿಯನ್ನು ಹುಡುಕಿ. ಆಗ ಎರಡು ಹೆಡ್‌ಶೆಲ್‌ಗಳಲ್ಲಿ ಎರಡು ಕಾರ್ಟ್ರಿಜ್ ಸಿದ್ಧವಿಟ್ಟುಕೊಂಡು, ಬದಲಿಸಿದಾಗಲೆಲ್ಲ ಭಾರವನ್ನು ಹೊಸದಾಗಿ ಅಳೆದರಾಯಿತು.